ಅವಲಕ್ಕಿ ಕೊಟ್ಟು ತಂದ ಸಾಹೇಬ

ನಮ್ಮಣ್ಣನಿಗೆ ಯಂತ್ರದ ಜೊತೆ ಮಾತಾಡಲು ಬರುತ್ತಿತ್ತು, ಮನುಷ್ಯರ ಜೊತೆ ಬರುತ್ತಿರಲಿಲ್ಲ. ಇದನ್ನು ನಾನು ಅವನ ಬೆನ್ನ ಹಿಂದೆ ಹೇಳಿದವಳಲ್ಲ. ಮುಖಕ್ಕೇ ಹೇಳುತ್ತಿದ್ದೆ, ಅವನು ತಲೆ ತಗ್ಗಿಸಿಕೊಂಡು ನಗುತ್ತಿದ್ದ.

ತೊಂಬತ್ತರ ದಶಕದ ನಡುಭಾಗ. ಸೊಲ್ಲಾಪುರದ ಬಟ್ಟೆ ಗಿರಣಿಗಳಲ್ಲಿ ಪಾಳಿಗೆ ಕೂಗುವ ಭೋಂಗಾ ಒಂದೊಂದಾಗಿ ಸುಮ್ಮನಾಗುತ್ತಿದ್ದ ಕಾಲ. ಊರ ಹೊರಗಿನ ಕಾರ್ಖಾನೆಗಳ ವಸಾಹತಿನಲ್ಲಿ ಒಂದು ತಗಡಿನ ಶೆಡ್ಡು ಹಿಡಿದು ಅಣ್ಣ ಸ್ವಂತ ಕಂಪನಿ ಮಾಡಿದ್ದ. ಅವನು ತಯಾರಿಸುತ್ತಿದ್ದದ್ದು ನೀರಿನ ಮೀಟರು, ವಿದ್ಯುತ್ ಮೀಟರು ಓದುವವರು ಕೈಯಲ್ಲಿ ಹಿಡಿದು ಮನೆಮನೆಗೆ ಒಯ್ಯುವ ಯಂತ್ರ. ಮೀಟರಿನ ಅಂಕಿಯನ್ನು ಅದರಲ್ಲಿ ಒತ್ತಿದರೆ ಬಾಗಿಲಲ್ಲೇ ಬಿಲ್ಲು ಹೊರಬರುತ್ತಿತ್ತು. ಆವರೆಗೆ ಅಂಕಿ ಬರೆದುಕೊಂಡು ಹೋದವರ ಬಿಲ್ಲು ಬರುವ ಹೊತ್ತಿಗೆ ಬಾಡಿಗೆದಾರ ಮನೆಯನ್ನೇ ಬದಲಿಸಿರುತ್ತಿದ್ದ. ಶೆಡ್ಡಿನಲ್ಲಿ ನಾಲ್ಕಾರು ಹುಡುಗರು ಯಂತ್ರ ಜೋಡಿಸುತ್ತಿದ್ದರು. ನಾನು ಪತ್ರವ್ಯವಹಾರ, ಫೋನು, ಹಾಜರಿ ಎಲ್ಲ ನೋಡುತ್ತಿದ್ದೆ. ಮೂವತ್ತು ದಾಟಿಯೂ ಮದುವೆಯಾಗದೆ ಉಳಿದ ತಂಗಿಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು ಎಂದು ಬಂಧುಗಳು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ನನಗೆ ಆ ಕೆಲಸ ಇಷ್ಟವಿತ್ತು.

ಅಣ್ಣ ಮೊದಲು ಬೇರೆ ಕಡೆ ನೌಕರಿಯಲ್ಲಿದ್ದ. ಅಲ್ಲಿ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸವೊಂದು ಮೇಲಿನವರ ಹೆಸರಿನಲ್ಲಿ ಮುಂದೆ ಹೋಯಿತು. ಅವನು ಜಗಳವಾಡಲಿಲ್ಲ, ಅವನಿಗೆ ಜಗಳ ಬರುವುದಿಲ್ಲ. ಮನೆಗೆ ಬಂದು ಎರಡು ದಿನ ಊಟ ಬಿಟ್ಟ. ಆಮೇಲೆ ನೌಕರಿ ಬಿಟ್ಟ. "ಇನ್ನ ಮ್ಯಾಲ ನಾ ಮಾಡಿದ್ದು ನನ್ನ ಹೆಸರ‍್ಲೇ ಇರಬೇಕು. ಸಣ್ಣದಿರಲಿ, ನಂದಿರಲಿ" ಎಂದಿದ್ದ. ಅವನು ತನಗಾಗಿ ಏನನ್ನಾದರೂ ಬೇಕೆಂದು ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆದ್ದರಿಂದ ಕಂಪನಿ ಎಂದರೆ ನಮಗೆ ಅನ್ನ ಮಾತ್ರ ಆಗಿರಲಿಲ್ಲ. ಅದು ಅಣ್ಣನ ಮಾನವಾಗಿತ್ತು.

ಆದರೆ ಯಂತ್ರ ಮಾಡಿದರೆ ಸಾಕೇ, ಮಾರಬೇಡವೇ? ಒಂದು ಸಲ ಯಾವುದೋ ತಾಲೂಕು ಊರಿನ ನೀರಿನ ಕಚೇರಿಗೆ ಹೋಗಿದ್ದ. ಅಧಿಕಾರಿ ದರ ಕೇಳಿದರು. ಅಣ್ಣ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿ, "ಇದರ ಕಂಡೆನ್ಸರ್ ಹೋಗೇದ್ರಿ" ಎಂದ. ಸ್ಟೂಲು ತರಿಸಿ ಫ್ಯಾನು ದುರಸ್ತಿ ಮಾಡಿಕೊಟ್ಟು, ಚಹಾ ಕುಡಿದು, ಆರ್ಡರಿಲ್ಲದೆ ಎಸ್.ಟಿ. ಬಸ್ಸು ಹತ್ತಿ ಮನೆಗೆ ಬಂದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ಮಾತ್ರ ನಗಲಿಲ್ಲ. "ಬಾಯಿದ್ದಾಂವ ಬರಗಾಲದಾಗೂ ಬದಕ್ಯಾನ. ನಿನಗ ಬಾಯಿಲ್ಲ, ಬಾಯಿದ್ದಾಂವನ್ನ ಇಟ್ಟಗೋ" ಎಂದಳು.

ಹಾಗೆ ವ್ಯಾಪಾರಕ್ಕೊಬ್ಬ ದೊಡ್ಡ ಅಧಿಕಾರಿಯನ್ನು ನೇಮಿಸುವುದೆಂದು ತೀರ್ಮಾನವಾಯಿತು. ಊರೂರಿನ ಕಚೇರಿಗಳಿಗೆ ಹೋಗಿ ಆರ್ಡರು ತರುವುದು, ದರ ಮಾತಾಡುವುದು, ಬಿಲ್ಲು ಪಾಸು ಮಾಡಿಸುವುದು, ಒಟ್ಟಿನಲ್ಲಿ ಕಂಪನಿಯ ಆದಾಯವೆಲ್ಲ ಅವರ ಜವಾಬ್ದಾರಿ. ಜಾಹೀರಾತಿನಲ್ಲಿ ಅಣ್ಣ ಯಾವುದೋ ಇಂಗ್ಲಿಷ್ ಪತ್ರಿಕೆ ನೋಡಿ 'ರೆವಿನ್ಯೂ ಮುಖ್ಯಸ್ಥ' ಎಂದು ಹಾಕಿಸಿದ. ನಮ್ಮ ಕಡೆ ರೆವಿನ್ಯೂ ಎಂದರೆ ಕಂದಾಯ ಇಲಾಖೆ. ಊರ ಲೆಕ್ಕ ಬರೆದು ನಿವೃತ್ತರಾದ ತಲಾಠಿಗಳು, ಸರ್ಕಲ್ ಸಾಹೇಬರು ಕೋಲೂರಿಕೊಂಡು ಶೆಡ್ಡಿಗೆ ಬರತೊಡಗಿದರು. ಒಬ್ಬರಂತೂ ನಮ್ಮ ಶೆಡ್ಡಿನ ಜಾಗ ಯಾರ ಹೆಸರಿನಲ್ಲಿದೆ ಎಂದು ನನ್ನನ್ನೇ ವಿಚಾರಿಸಿ, ಚಹಾ ಕುಡಿದು ಹೋದರು. ನಿಜವಾಗಿ ಆ ಕೆಲಸ ಬಲ್ಲವರು ಬಂದದ್ದು ಇಬ್ಬರೋ ಮೂವರೋ. ಒಬ್ಬನಿಗೆ ಮೋಟಾರು ಬೇಕಿತ್ತು, ಇನ್ನೊಬ್ಬ ಸೊಲ್ಲಾಪುರದ ಬಿಸಿಲು ನೋಡಿಯೇ ಹೆದರಿದ. ಉಳಿದವರು ಒಬ್ಬರೇ, ಮುಂದೆ ನಾವೆಲ್ಲ ಸಾಹೇಬ್ರು ಎಂದು ಕರೆದವರು.

ಅವರನ್ನು ಸಂದರ್ಶನಕ್ಕೆ ಕರೆದದ್ದು ಶೆಡ್ಡಿಗಲ್ಲ, ಮನೆಗೆ. ಅದು ಅವ್ವನ ಹಟ. ಜೀವಮಾನವಿಡೀ ಗುಮಾಸ್ತಿಕೆ ಮಾಡಿದ ಮನೆತನ ನಮ್ಮದು, ನಾವು ಕೆಲಸಕ್ಕೆ ಸೇರಿದವರೇ ಹೊರತು ಯಾರನ್ನೂ ಸೇರಿಸಿಕೊಂಡವರಲ್ಲ. ಹೊರಗಿನ ಗಂಡಸನ್ನು ಒಳಗೆ ತರುವ ಒಂದೇ ರೀತಿ ನಮಗೆ ಗೊತ್ತಿದ್ದದ್ದು ಅಳಿಯನನ್ನು ತರುವ ರೀತಿ. ಆದ್ದರಿಂದ ಅವ್ವ ವರ ನೋಡುವ ಮನೆಯಲ್ಲಿ ಮಾಡುವ ಹಾಗೆ ಈರುಳ್ಳಿ ಹಾಕಿ ಅವಲಕ್ಕಿ ಒಗ್ಗರಣೆ ಮಾಡಿದಳು, ದಿವಾನದ ಮೇಲೆ ಹೊಸ ಚಾದರ ಹಾಸಿದಳು, ನನಗೆ ಸೀರೆ ಬದಲಿಸಲು ಹೇಳಿದಳು. "ನಾ ಯಾಕ ಬದಲಸ್ಬೇಕು?" ಎಂದರೆ ಕೇಳಿಸದವಳ ಹಾಗೆ ಕೊತ್ತಂಬರಿ ಹೆಚ್ಚುತ್ತಿದ್ದಳು.

ನಲವತ್ತರ ಸುಮಾರಿನ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಪುಣೆಯ ಒಂದು ಪಂಪಿನ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಅದಕ್ಕೂ ಮೊದಲು ಅಕ್ಕಲಕೋಟದ ಒಂದು ಪಂಪಿನ ಅಂಗಡಿಯಲ್ಲಿ ಬಹಳ ವರ್ಷ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿಲ್ಲ. ಬಂದವರೇ ಅವ್ವನ ಕಾಲು ಮುಟ್ಟಿದರು. ಮಾತೆಲ್ಲ ನಮ್ಮ ಕನ್ನಡದಲ್ಲೇ. ಅಣ್ಣನ ಜೊತೆ ಇಂಗ್ಲಿಷು ಬೆರೆಸಿದರು, ಬಾಗಿಲಲ್ಲಿ ಇಣುಕಿದ ಪಕ್ಕದ ಮನೆಯವರಿಗೆ ಮರಾಠಿಯಲ್ಲಿ ಕುಶಲ ಕೇಳಿದರು. ನೀರಿನಲ್ಲಿ ಮೀನು ಹೊರಳಿದಷ್ಟು ಸಲೀಸಾಗಿ ಒಂದರಿಂದ ಇನ್ನೊಂದಕ್ಕೆ ಹೊರಳುತ್ತಿದ್ದರು. ಇವರೊಬ್ಬರೇ ಇದ್ದಾಗ ಯಾವ ಭಾಷೆಯಲ್ಲಿ ಯೋಚನೆ ಮಾಡುತ್ತಾರೆ ಎಂದು ನನಗೆ ಅನಿಸಿತು. ಅನಿಸಿದ್ದೇ ಯಾಕೋ ಹಿತವಾಗಲಿಲ್ಲ.

ಅವ್ವ ಕೇಳಿದ್ದು ವರನಿಗೆ ಕೇಳುವ ಪ್ರಶ್ನೆಗಳನ್ನೇ. ಕಡಕ್ ರೊಟ್ಟಿ ನಡೆಯುತ್ತದೆಯೋ, ಅಡ್ಡಹೆಸರು ಏನು, ಗುರುವಾರ ಉಪವಾಸ ಹಿಡಿಯುತ್ತೀರೋ. ಅಣ್ಣ ಕೇಳಿದ್ದು ಒಂದೇ: "ಯಂತ್ರ ಬಿಚ್ಚಿ ತೋರಸ್ಲೇನ್ರಿ?"

ಅವರು ನಕ್ಕರು. "ಒಳಗಿಂದು ನನಗ ತಿಳಿಯಂಗಿಲ್ರಿ. ಅದು ನಿಮ್ದು. ಯಾರು ತಗೋತಾರ, ಯಾಕ ತಗೋತಾರ ಅನ್ನೂದಷ್ಟ ನಂಗ ತಿಳೀತದ."

ಅಣ್ಣನ ಭುಜಗಳು ಇಳಿದದ್ದನ್ನು ನಾನು ನೋಡಿದೆ. ತಲೆಯ ಮೇಲಿನ ಹೊರೆಯನ್ನು ಇನ್ನೊಬ್ಬರು ಕೈಚಾಚಿ ಇಳಿಸಿಕೊಂಡ ಹಾಗಿತ್ತು.

ಆಗ ಕರೆಂಟು ಹೋಯಿತು. ನಾವೆಲ್ಲ ಸೆರಗು, ಪೇಪರು, ಕೈಗೆ ಸಿಕ್ಕಿದ್ದರಿಂದ ಗಾಳಿ ಹಾಕಿಕೊಳ್ಳತೊಡಗಿದೆವು. ಅವರು ಹಾಕಿಕೊಳ್ಳಲಿಲ್ಲ. ಅಷ್ಟು ಸೆಖೆಯಲ್ಲೂ ಅವರ ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ನಾನು ಕೇಳಿಬಿಟ್ಟೆ. "ಅಕ್ಕಲಕೋಟದ ಅಂಗಡಿ ಯಾಕ ಬಿಟ್ರಿ?"

ಅವ್ವ ಕಣ್ಣು ಬಿಟ್ಟಳು. ಅವರು ತಟ್ಟೆಯಲ್ಲಿ ಉಳಿದಿದ್ದ ಶೇಂಗಾದ ಕಾಳೊಂದನ್ನು ಬಾಯಿಗೆ ಹಾಕಿಕೊಂಡು, ಅಗಿದು ಮುಗಿಸಿ, ನಿಧಾನಕ್ಕೆ ಹೇಳಿದರು. "ಅಲ್ಲಿ ನಾ ಮಾಡೂದು ಏನೂ ಉಳೀಲಿಲ್ರಿ ಅಕ್ಕಾರ."

ತಟ್ಟೆಯನ್ನು ತಾವೇ ಒಳಗೆ ಒಯ್ದು ಪಾತ್ರೆ ತೊಳೆಯುವ ಮೋರಿಯ ಹತ್ತಿರ ಇಟ್ಟರು. ಅಲ್ಲಿಗೆ ಅವ್ವ ಸೋತಳು.

ಆದರೂ ಚೌಕಶಿ ಮಾಡದೆ ಹೆಣ್ಣು ಕೊಡುವುದುಂಟೇ? ಚೌಕಶಿ ಎಂದರೆ ವರನಿಗೆ ಗೊತ್ತಾಗದಂತೆ ಅವನ ಊರಿಗೆ ಹೋಗಿ, ಅವನನ್ನು ಬಲ್ಲವರ ಮನೆಯಲ್ಲಿ ಕುಳಿತು ವಿಚಾರಿಸಿ ಬರುವುದು. ಪುಣೆಯಲ್ಲಿ ಯಾರು ಯಾರನ್ನು ಬಲ್ಲರು, ಅಕ್ಕಲಕೋಟದಲ್ಲಾದರೆ ಗೋಡೆಗಳಿಗೂ ಗುರುತು ಎಂದು ಅವ್ವ ನನ್ನನ್ನು ಎಬ್ಬಿಸಿಕೊಂಡು ಹೊರಟಳು. ಗುರುವಾರವೇ ಹೋದೆವು, ಯಾರಾದರೂ ಕೇಳಿದರೆ ಅಲ್ಲಿನ ಸ್ವಾಮಿಗಳ ದರ್ಶನಕ್ಕೆ ಎನ್ನಬಹುದಲ್ಲ. ದರ್ಶನದ ಸಾಲಿನಲ್ಲಿ ನಿಂತು, ಪ್ರಸಾದ ಉಂಡು, ಆ ಪಂಪಿನ ಅಂಗಡಿಯ ಮಾಲೀಕರ ಮನೆ ಹುಡುಕಿಕೊಂಡು ಹೋದಾಗ ಮಧ್ಯಾಹ್ನವಾಗಿತ್ತು.

ಮಾಲೀಕರು ಮನೆಯಲ್ಲೇ ಇದ್ದರು. ಬಿರುಬೇಸಿಗೆ, ಪಂಪು ಮಾರುವವರಿಗೆ ಉಸಿರಾಡಲೂ ಪುರುಸೊತ್ತಿರದ ಕಾಲ. ಅಂಥದರಲ್ಲಿ ಈ ವ್ಯಾಪಾರಸ್ಥ ಒಗೆದ ಧೋತರ ಉಟ್ಟುಕೊಂಡು ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಪೇಪರು ಓದುತ್ತಿದ್ದರು. ಅವರ ಹೆಂಡತಿ ಚಾಪೆ ಹಾಸಿ, ನೀರು, ಚಹಾ ಕೊಟ್ಟು ನಮ್ಮ ಎದುರು ಕುಳಿತರು.

"ನಿಮ್ಮ ಕಡಿ ಮೊದ್ಲ ಕೆಲಸಕ್ಕಿದ್ರಲ್ರಿ," ಅವ್ವ ಶುರುಮಾಡಿದಳು, "ಅವರದ ಸ್ವಲ್ಪ ಚೌಕಶಿ ಮಾಡೂದಿತ್ತು."

ಆ ತಾಯಿ ಅವ್ವನನ್ನು ನೋಡಿದರು, ಆಮೇಲೆ ನನ್ನನ್ನು. ನನ್ನ ಕಾಲುಂಗುರವಿಲ್ಲದ ಕಾಲು, ಬರಿಯ ಕೊರಳು. ಅವರ ಮುಖದಲ್ಲಿ ಎಲ್ಲ ಅರ್ಥವಾದ ಕಳೆ ಮೂಡಿತು. ಇದು ಮದುವೆಯ ಮಾತಲ್ಲ, ಕೆಲಸದ ಮಾತು ಎನ್ನಲು ನಾನು ಬಾಯಿ ತೆರೆದೆ. ಅವ್ವ ತನ್ನ ಮೊಳಕಾಲಿನಿಂದ ನನ್ನ ಮೊಳಕಾಲನ್ನು ಒತ್ತಿದಳು. ಎಂಥ ಒತ್ತು ಅದು! ನನ್ನ ಬಾಯಿ ಮುಚ್ಚಿಹೋಯಿತು. ಮೈಯೆಲ್ಲ ಉರಿಯಿತು.

"ಭಾಳ ಚಲೋ ಮನಷ್ಯಾರಿ," ಆ ತಾಯಿ ಹೇಳಿದರು. "ಕುಡಿಯೂದಿಲ್ಲ, ತಿನ್ನೂದಿಲ್ಲ. ಒಮ್ಮಿ ದನಿ ಏರಿಸಿ ಮಾತಾಡಿದ್ದು ನಾ ಕೇಳಿಲ್ಲ. ಹೆಂಡತಿ ಆಜಾರಿ ಬಿದ್ದು ಹಾಸಗಿ ಹಿಡದಾಗ ಕೈಯಾರೆ ಉಣಿಸ್ಯಾರ. ನಮ್ಮನಿಯವರಿಗಂತೂ ಮಗನಕಿಂತ ಹೆಚ್ಚ ನೋಡ್ಕೊಂಡ್ರು."

"ವ್ಯಾಪಾರ?" ನಾನು ಕೇಳಿದೆ.

ಪೇಪರಿನ ಹಿಂದಿನಿಂದ ಮಾಲೀಕರ ದನಿ ಬಂತು. "ಬೆಳಸಿದ್ರು. ಭಾಳ ಬೆಳಸಿದ್ರು."

"ಈಗ ಅಂಗಡ್ಯಾಗ ಯಾರು ಕೂಡ್ತಾರ್ರಿ?"

ಮಾಲೀಕರು ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದರು. ಹೆಂಡತಿಯೇ ಹೇಳಿದರು. "ಅಂಗಡಿ ನಡೀತದ ತಂಗಿ. ಪುಣೆ ಪಂಪಿನ ಕಂಪನಿಯವರು ನೋಡ್ತಾರ ಈಗ. ಬೋರ್ಡ್ ಅಷ್ಟ ಬ್ಯಾರೆ ಆಗೇದ. ಇವರಿಗೆ ತ್ರಾಸ ಆಗಬಾರ್ದಂತ ನೀವು ಕೇಳಾಕ ಬಂದವರೇ ನಿಂತು ಎಲ್ಲಾ ಮಾಡಿಕೊಟ್ಟು, ಆಮ್ಯಾಲ ಅದೇ ಕಂಪನಿ ಸೇರಿ ಪುಣೆಕ್ಕ ಹೋದ್ರು."

ಮಾಲೀಕರು ಪೇಪರು ಮಡಚಿದರು. ಅವರ ಕೈಗಳು ತೊಡೆಯ ಮೇಲೆ ಏನನ್ನೋ ಹುಡುಕುವ ಹಾಗೆ ಆಡಿ ಸುಮ್ಮನಾದವು. "ನೀವು ಶಾಣ್ಯಾರದೀರಿ, ನಾವೇನ್ ಹೇಳೂದ್ರಿ" ಎಂದರು, ಮತ್ತೆ ಪೇಪರು ಬಿಚ್ಚಿದರು. ಅದೇ ಪುಟ.

ನಮ್ಮ ಕಡೆ ಸಂಬಂಧ ಕೇಳಲು ಹೋದಾಗ ಆ ಮಾತು ಬಂತೆಂದರೆ ಏನರ್ಥ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಕೂಡಿಬರುವ ಲಗ್ನಕ್ಕೆ ಅಡ್ಡ ಮಾತಾಡಿದ ಪಾಪ ಯಾರಿಗೂ ಬೇಡ. ಬೇಡ ಎನ್ನಲಾಗದವರು, ಹೂಂ ಎನ್ನಲು ಮನಸ್ಸಿಲ್ಲದವರು ಹೇಳುವ ಮಾತು ಅದು. ಅವ್ವನಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ಚಹಾದ ಬಟ್ಟಲೊಳಗೆ ನೋಡುತ್ತಿದ್ದಳು.

ಹೊರಡುವಾಗ ಆ ತಾಯಿ ಬಾಗಿಲ ತನಕ ಬಂದು ಇಬ್ಬರಿಗೂ ಕುಂಕುಮ ಹಚ್ಚಿದರು. ಅವ್ವ ಚಪ್ಪಲಿ ಹುಡುಕುತ್ತಿದ್ದಾಗ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಕಿವಿಯ ಹತ್ತಿರ ಬಂದರು. "ನೌಕರಿ ಇದ್ರ ಬಿಡಬ್ಯಾಡ, ತಂಗಿ. ಏನರೆ ಒಂದು ನಿನ್ನ ಹೆಸರ‍್ಲೇ ಇಟ್ಟಗೋ. ಕೇಳಿದ್ರೂ ಕೊಡಬ್ಯಾಡ. ಅಂವ ಕಸಗೊಳ್ಳೂದಿಲ್ಲ, ನೀನಾಗಿ ಕೊಡ್ತೀ."

ಅವರ ಕೈ ತಣ್ಣಗಿತ್ತು. ಅವ್ವ ತಿರುಗುವಷ್ಟರಲ್ಲಿ ನನ್ನ ಕೈ ಬಿಟ್ಟರು.

ಬಸ್ಸಿನಲ್ಲಿ ಅವ್ವನ ಮೇಲೆ ಹರಿಹಾಯ್ದೆ. "ಕೆಲಸದ ಮಾತಂತ ಯಾಕ ಹೇಳಲಿಲ್ಲ? ಹೇಳಿದ್ರ ಖರೇ ಹೇಳ್ತಿದ್ರು. ಲಗ್ನದ್ದಂತ ತಿಳಕೊಂಡ್ರು, ಅದಕ್ಕ ಹೊಗಳಿದ್ರು."

"ಹೊಗಳಿದ್ರ ಹೊಗಳಲಿ. ಅದೂ ಆದ್ರ ಆಗವಲ್ದ್ಯಾಕ?" ಎಂದಳು ಅವ್ವ, ಕಿಟಕಿಯ ಹೊರಗೆ ನೋಡುತ್ತ. "ಕಂಪನಿಗೂ ಒಬ್ಬಾಂವ ಬೇಕು, ನಿನಗೂ ಒಬ್ಬಾಂವ ಬೇಕು."

 ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ.

ಅಣ್ಣನಿಗೆ ಎಲ್ಲ ಹೇಳಿದೆ, ಒಂದು ಮಾತೂ ಬಿಡದೆ. ಬೋರ್ಡು ಬೇರೆಯಾದದ್ದು, ಮಾಲೀಕರು ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕುಳಿತದ್ದು, 'ನೀವು ಶಾಣ್ಯಾರದೀರಿ' ಎಂದದ್ದು, ಬಾಗಿಲಲ್ಲಿ ಆ ತಾಯಿ ಕಿವಿಯಲ್ಲಿ ಹೇಳಿದ್ದು. ಅವನು ಒಂದು ಸಣ್ಣ ತಿರುಪನ್ನು ಅಂಗೈಯಲ್ಲಿ ಉರುಳಿಸುತ್ತ ಕೇಳಿಸಿಕೊಂಡ.

"ಆಕಿ ನಿನಗ ಹೇಳಿದ್ದು ಮದುಮಗಳಂತ ತಿಳಕೊಂಡು," ಎಂದ. "ಹೆಣ್ಮಕ್ಕಳು ಎಲ್ಲಾ ಹುಡುಗ್ಯಾರಿಗೂ ಹಂಗ ಹೇಳ್ತಾರ. ನಮಗೇನು ಸಂಬಂಧ ಅದಕ್ಕ? ನಾವೇನು ಲಗ್ನ ಮಾಡಾಕತ್ತೀವೇನು?"

"ಮತ್ತ ಅಂಗಡಿ?"

"ಮುದುಕರು ಮಾರಿರಬೇಕು. ಆರಾಮ ಕೂತಾರ. ನೋಡು, ಕುಡಿಯೂದಿಲ್ಲ, ಸಿಟ್ಟಿಲ್ಲ, ವ್ಯಾಪಾರ ಬೆಳಸ್ಯಾನ. ಇಷ್ಟ ಸಾಕು."

ನನಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ವರನನ್ನು ವಿಚಾರಿಸಿದಂತೆ ವಿಚಾರಿಸಿದ ನಾವು, ವರನ ಗುಣವನ್ನೆಲ್ಲ ಅಧಿಕಾರಿಯ ಲೆಕ್ಕಕ್ಕೆ ಹಿಡಿದೆವು. ವರನ ಬಗ್ಗೆ ಸಿಕ್ಕ ಒಂದೇ ಎಚ್ಚರಿಕೆಯನ್ನು ಮಾತ್ರ ಇದು ಮದುವೆಯಲ್ಲ ಎಂದು ಬಿಟ್ಟುಬಿಟ್ಟೆವು. ಮುಂದಿನ ಸೋಮವಾರ ಅವರು ಕೆಲಸಕ್ಕೆ ಬಂದರು.

ಬಂದ ದಿನವೇ ಅವ್ವನ ಆಸೆಯ ಕತೆ ಮುಗಿಯಿತು. ಎಲ್ಲರೆದುರು ನನ್ನನ್ನು "ಅಕ್ಕಾರ, ನೀವು ನನ್ನ ಸ್ವಂತ ಅಕ್ಕ ಇದ್ದಂಗ" ಎಂದರು, ನನಗಿಂತ ಹತ್ತು ವರ್ಷ ದೊಡ್ಡವರು. ಅಂದರೆ ಅಕ್ಕಲಕೋಟದಲ್ಲಿ ನಾವು ಮಾಡಿದ ಲಗ್ನದ ಚೌಕಶಿಯ ಸುದ್ದಿ ಅವರಿಗೆ ತಲುಪಿತ್ತು. ಬಾಯಲ್ಲಿ ಅಷ್ಟು ಪ್ರೀತಿ, ಆದರೆ ನನ್ನ ಮೇಲಿದ್ದ ಆ ಕಣ್ಣುಗಳು ನಗುತ್ತಿರಲಿಲ್ಲ.

ಅಣ್ಣ ಅವರಿಗಾಗಿ ತನ್ನ ಕೋಣೆ ಬಿಡಲು ಹೊರಟರೆ ಬೇಡವೆಂದರು. ಬಾಗಿಲ ಪಕ್ಕದಲ್ಲಿ ಒಂದು ಮೇಜು ಹಾಕಿಸಿಕೊಂಡರು. ಎಷ್ಟು ವಿನಯ ಎಂದು ಅಣ್ಣ ಮೆಚ್ಚಿದ. ನಾನೂ ಮೊದಲು ಹಾಗೆಯೇ ಅಂದುಕೊಂಡೆ. ದಿನ ಕಳೆದ ಹಾಗೆ ತಿಳಿಯಿತು, ಒಳಗೆ ಬರುವವರೆಲ್ಲ ಮೊದಲು ಕಾಣುವುದು ಅವರನ್ನೇ, ಹೊರಗೆ ಹೋಗುವವರೆಲ್ಲ ಹೇಳಿಹೋಗುವುದು ಅವರಿಗೇ. ಆಮೇಲೆ ಫೋನು ನನ್ನ ಮೇಜಿನಿಂದ ಅವರ ಮೇಜಿಗೆ ಹೋಯಿತು. "ಅಕ್ಕಾರಿಗೆ ತ್ರಾಸ ಬ್ಯಾಡ" ಎಂದರು. ಜೋಡಣೆಯ ಹುಡುಗರು ರಜೆ ಕೇಳಲು ಅಣ್ಣನ ಕೋಣೆಗೆ ಹೋಗುವುದು ನಿಂತಿತು, ಬಾಗಿಲ ಮೇಜಿನ ಮುಂದೆ ನಿಲ್ಲತೊಡಗಿದರು. ಎಲ್ಲರೂ ಅವರನ್ನು ಸಾಹೇಬ್ರು ಎಂದರು. ಅಣ್ಣನಿಗೆ ಯಾರೂ ಎಂದೂ ಸಾಹೇಬ ಎಂದವರಲ್ಲ, ಅವನು ಎಲ್ಲರಿಗೂ ಅಣ್ಣನೇ ಆಗಿದ್ದ.

ಕೆಲಸದಲ್ಲಿ ಅವರನ್ನು ಹಿಡಿಯುವವರಿರಲಿಲ್ಲ, ಅದನ್ನು ಒಪ್ಪಲೇಬೇಕು. ಮಂಗಳವೇಢೆಯ ಕಡೆ ಹೋದರೆ ಜೋಳದ ಮಾತಾಡುತ್ತಿದ್ದರು, ಎರೆಹೊಲದ ತೇವದ ಮಾತಾಡುತ್ತಿದ್ದರು. ಒಂದು ಸಲ ಸಲಗರ ಬುದ್ರುಕ ಎಂಬ ಊರಿಗೆ ಅವರ ಜೊತೆ ಹೋಗಿದ್ದೆ. ಅಲ್ಲಿ ನೀರಿನ ಸಮಿತಿಯಲ್ಲಿ ಕುರಿ ಸಾಕುವ ಮನೆತನದ ಹಿರಿಯರಿದ್ದರು. ಇವರು ಊರೊಳಗೆ ಕಾಲಿಡುವ ಮೊದಲೇ ಆ ಹಿರಿಯರ ಮನೆದೇವರು ಬೀರೋಬನ ಗುಡಿಗೆ ಹೋಗಿ, ಹಣೆ ತುಂಬ ಭಂಡಾರದ ಅರಿಸಿನ ಬಳಿದುಕೊಂಡು ಬಂದರು. ಹಿರಿಯರು ಎದ್ದು ನಿಂತು ಜಾಗ ಕೊಟ್ಟರು. ಯಂತ್ರದ ಮಾತು ಬಂದದ್ದು ಊಟವಾದ ಮೇಲೆ, ಅದೂ ಹಿರಿಯರೇ ಎತ್ತಿದ್ದು. ಇವರು ಕೇಳಲೇ ಇಲ್ಲ. ಹಿಂದಿರುಗುವಾಗ ಜೀಪಿನಲ್ಲಿ ಕರವಸ್ತ್ರ ತೆಗೆದು ಭಂಡಾರವನ್ನು ನೀಟಾಗಿ ಒರೆಸಿಕೊಂಡರು. ಹಣೆ ಎಂದಿನ ಹಾಗೆ ಬಿಳುಚಾಗಿ, ಒಣಗಿಕೊಂಡು ಕಂಡಿತು. ನಾನು ಇಡೀ ದಾರಿ ರಸ್ತೆಯನ್ನೇ ನೋಡುತ್ತ ಕುಳಿತೆ.

ಆರ್ಡರುಗಳು ಬಂದವು, ಒಂದರ ಹಿಂದೆ ಒಂದು. ಶೆಡ್ಡಿಗೆ ಇನ್ನೊಂದು ಶೆಡ್ಡು ಸೇರಿತು. ಅಣ್ಣ ಹಿಂಬದಿಯ ಶೆಡ್ಡಿಗೆ ಹೋದ. ಅಲ್ಲಿ ಗದ್ದಲವಿಲ್ಲ, ಚಲೋ ಬೆಳಕು ಎಂದು ಸಾಹೇಬರೇ ಮುತುವರ್ಜಿಯಿಂದ ವ್ಯವಸ್ಥೆ ಮಾಡಿಕೊಟ್ಟರು. ಮಧ್ಯಾಹ್ನದ ಊಟದ ಡಬ್ಬಿಯನ್ನು ತಾವೇ ಒಯ್ದು ಕೊಡುತ್ತಿದ್ದರು. ದಿನಗಟ್ಟಲೆ ಅಣ್ಣ ಮುಂದಿನ ಬಾಗಿಲಿಗೆ ಬರುತ್ತಿರಲಿಲ್ಲ. ಯಾರಾದರೂ ಮಾಲೀಕರನ್ನು ಕಾಣಬೇಕೆಂದರೆ ಸಾಹೇಬರು ಮೆಲ್ಲನೆ ನಕ್ಕು, "ಅವರು ಕೆಲಸದಾಗ ಅದಾರ, ನಂಗ ಹೇಳ್ರಿ" ಎನ್ನುತ್ತಿದ್ದರು. ಸುಳ್ಳಲ್ಲವಲ್ಲ. ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಇಂದಿಗೂ ತೋರಿಸಲಾರೆ. ಅದೇ ನನ್ನನ್ನು ಹೆಚ್ಚು ಹೆದರಿಸುತ್ತಿತ್ತು.

ಆಮೇಲೆ ಪುಣೆಯ ಪಂಪಿನ ಕಂಪನಿಯವರು ಶೆಡ್ಡು ನೋಡಲು ಬಂದರು. ಅಂದೇ ನಾನು ಹಿಂದಿನ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡೆ.

"ಇವರ್ಯಾಕ ಬಂದಾರ? ಅಕ್ಕಲಕೋಟದ ಅಂಗಡಿ ತಗೊಂಡವರು ಇವರ ಅಲ್ಲೇನು?"

"ನಮ್ಮ ಕೂಡ ಸೇರಿ ಮಾಡ್ತಾರಂತ. ರಾಜ್ಯದ ತುಂಬ ಹೋಗ್ತದಂತ ಮಷೀನು."

"ಯಾರ ಹೆಸರ‍್ಲೇ ಹೋಗ್ತದ?"

ಅಣ್ಣ ಕೈಯಲ್ಲಿದ್ದ ಯಂತ್ರದ ಮುಚ್ಚಳ ತಿರುಗಿಸತೊಡಗಿದ. ನಾನು ಬಿಡಲಿಲ್ಲ, ಬಾಯಿಗೆ ಬಂದ ಹಾಗೆ ಬೈದೆ. ಹಳೆಯ ನೌಕರಿಯಲ್ಲಿ ಆದದ್ದನ್ನು ನೆನಪಿಸಿದೆ, ಎರಡು ದಿನ ಊಟ ಬಿಟ್ಟದ್ದನ್ನು ನೆನಪಿಸಿದೆ. ಅವನು ಎಲ್ಲ ಕೇಳಿ, ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ.

"ನಿನಗೊಂದು ಗೊತ್ತಿಲ್ಲ. ಮೊದ್ಲ ಆರ್ಡರಿಗಂತ ಅಧಿಕಾರಿಗಳ ಮಾರೀ ನೋಡಾಕ ಹೋಗೋ ದಿನ ನಂಗ ಮುಂಜಾನಿಂದ ವಾಂತಿ ಆಗ್ತಿತ್ತು. ಬಚ್ಚಲಾಗ ನೀರ ಬಿಟ್ಟು ವಾಂತಿ ಮಾಡ್ತಿದ್ದೆ, ಅವ್ವಗ ಕೇಳಸ್ಬಾರ್ದಂತ. ಈಗ ಒಂದೂವರಿ ವರ್ಷ ಆತು, ನಾ ಯಾವ ಆಫೀಸಿನ ಬಾಗಿಲಾನೂ ತುಳಿದಿಲ್ಲ. ನಿದ್ದಿ ಹತ್ತತದ." ಕನ್ನಡಕ ಮತ್ತೆ ಹಾಕಿಕೊಂಡ. "ನಿದ್ದಿ ಹತ್ತೂದು ಸಣ್ಣ ಮಾತಲ್ಲ, ತಂಗಿ."

ಅವನ ಮೇಲೆ ಇದ್ದ ಸಿಟ್ಟೆಲ್ಲ ನನ್ನೊಳಗೆ ಕರಗಿ ಅಳುವಾಯಿತು. ಅವನ ನಿದ್ದೆಯನ್ನು ಕಸಿದುಕೊಳ್ಳುವ ಧೈರ್ಯ ನನಗಾಗಲಿಲ್ಲ. ಆ ಮನುಷ್ಯನೂ ಏನನ್ನೂ ಕಸಿದುಕೊಂಡಿರಲಿಲ್ಲ. ಅಣ್ಣನಿಗೆ ಯಾವುದು ಭಾರ ಎಂದು ಹುಡುಕಿ, ಒಂದೊಂದನ್ನೇ ಇಳಿಸಿಕೊಂಡಿದ್ದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. "ಮಗಳ ಸಲುವಾಗಿ ಚೌಕಶಿಗೆ ಹೋದಿ, ಮಗನ್ನ ಕೊಟ್ಟು ಬಂದಿ."  ಅವ್ವನ ರೊಟ್ಟಿ ಬಡಿಯುವ ಕೈ ನಿಂತಿತು, ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

ಮಳೆಗಾಲ ಕಳೆದ ಮೇಲೆ ಕುರನೂರಿನಲ್ಲಿ ಹೊಸ ನೀರಿನ ಯೋಜನೆಯ ಸಮಾರಂಭವಿತ್ತು. ಸುತ್ತಲಿನ ಹಳ್ಳಿಗಳ ಬಿಲ್ಲೆಲ್ಲ ನಮ್ಮ ಯಂತ್ರದಲ್ಲಿ. ಮಂಟಪ, ಧ್ವನಿವರ್ಧಕ, ಪುಢಾರಿಗಳ ಸಾಲು. ಸಾಹೇಬರು ವೇದಿಕೆಯ ಮೇಲೆ ನಡುವೆ ಕುಳಿತಿದ್ದರು, ಪಕ್ಕದಲ್ಲಿ ಪುಣೆಯವರು. ಹಾರ ಹಾಕುವಾಗ ಪುಢಾರಿಯೊಬ್ಬರು ಮರಾಠಿಯಲ್ಲಿ ಸಾಹೇಬರನ್ನು ಹೊಗಳಿದರು, ಇವರಿಂದಲೇ ಈ ಯಂತ್ರ ಬಂದದ್ದು ಎಂದು. ಸಾಹೇಬರು ಕೈಮುಗಿದು ತಲೆ ಬಾಗಿಸಿದರು. ಇಲ್ಲ ಎನ್ನಲಿಲ್ಲ, ಹೌದು ಎಂದೂ ಅನ್ನಲಿಲ್ಲ.

ಅಣ್ಣ ವೇದಿಕೆಯ ಕೆಳಗೆ, ಮಂಟಪದ ಹಿಂಬದಿಯಲ್ಲಿ ಒಂದು ಮೇಜಿನ ಮುಂದೆ ಇದ್ದ. ಜನರಿಗೆ ತೋರಿಸಲೆಂದು ಇಟ್ಟಿದ್ದ ಯಂತ್ರದಲ್ಲಿ ಧೂಳು ಹೊಕ್ಕು ಕೈಕೊಟ್ಟಿತ್ತು, ಅದನ್ನು ಬಿಚ್ಚಿ ಊದುತ್ತಿದ್ದ. ನಾನು ಪಕ್ಕದಲ್ಲಿ ತಿರುಪು ಹಿಡಿದುಕೊಂಡು ನಿಂತಿದ್ದೆ. ನೀರು ಯೋಜನೆಯ ಒಬ್ಬ ಎಂಜಿನಿಯರು ಬಂದರು, ಒಳ್ಳೆಯ ಮನುಷ್ಯ, ಹೊಸಬರು. ಅಣ್ಣನ ಬೆರಳುಗಳು ಓಡಾಡುವುದನ್ನು ಮೆಚ್ಚಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ಇದು ಹಿಂಗ ಬಂದ್ ಬಿತ್ತಂದ್ರ ತ್ರಾಸ ಆಗ್ತದ್ರಿ," ಎಂದರು. "ಒಂದು ಜಾಸ್ತಿ ಮಷೀನು ಇಲ್ಲೇ ಇಟ್ಟ ಹೋಗ್ತೀರೇನು?"

ಇದೆಂಥ ಪ್ರಶ್ನೆ! ನಮ್ಮ ಜೀಪಿನಲ್ಲಿ ಇನ್ನೊಂದು ಯಂತ್ರ ಇತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಅಣ್ಣ ತಲೆ ಎತ್ತಿ ವೇದಿಕೆಯ ಕಡೆ ನೋಡಿದ. ಭಾಷಣ ನಡೆದಿತ್ತು. ಮತ್ತೆ ಯಂತ್ರದೊಳಗಿನ ಧೂಳು ಊದತೊಡಗಿದ.

ನನಗೆ ತಡೆಯಲಾಗಲಿಲ್ಲ. "ಇವರನ್ನ ಕೇಳಾಕತ್ತೀರಲ್ಲ, ಇವರೇ ಮಾಲೀಕ್ರು ರಿ. ಈ ಮಷೀನು ಮಾಡಿದವರೂ ಇವರೇ" ಎಂದೆ.

ಎಂಜಿನಿಯರು ಆಶ್ಚರ್ಯದಿಂದ ಅಣ್ಣನ ಎಣ್ಣೆ ಹತ್ತಿದ ಕೈಗಳನ್ನು ನೋಡಿದರು, ಆಮೇಲೆ ಅವನ ಮುಖವನ್ನು. ಹೌದೇ ಎಂದು ಕೇಳುವಂತೆ ಹುಬ್ಬೇರಿಸಿದರು. ನಾನೂ ಅವನ ಮುಖ ನೋಡಿದೆ.  ಒಂದು ಸಲ, ಒಂದೇ ಒಂದು ಸಲ ಹೌದೆನ್ನು ಎಂದು ಮನಸ್ಸಿನಲ್ಲೇ ಅಂಗಲಾಚಿದೆ.

ಅಣ್ಣ ಚಿಂದಿಬಟ್ಟೆಯಿಂದ ಕೈ ಒರೆಸಿಕೊಂಡು, ಎಂದಿನ ಹಾಗೆ ತಲೆ ತಗ್ಗಿಸಿ ನಕ್ಕ. "ನಮ್ಮ ತಂಗಿ ಹಂಗ ಅಂತಾಳ್ರಿ," ಎಂದ. "ನಮ್ಮ ಸಾಹೇಬ್ರು ಕೆಳಗ ಬರ್ಲಿ. ಅವರಿಗೆ ಕೇಳಿ ಹೇಳ್ತೀನಿ."

ಎಂಜಿನಿಯರು ಸರಿ ಎಂದು ವೇದಿಕೆಯ ಮೆಟ್ಟಿಲ ಕಡೆ ಹೋದರು. ಅಣ್ಣ ತಿರುಪಿಗಾಗಿ ನನ್ನ ಮುಂದೆ ಕೈಚಾಚಿದ.